ಪುಸ್ತಕಕ್ಕೇನು ಅವಸರ?

"ಮೊದಲು ಒಂದು ಪುಸ್ತಕ ಬರಲಿ, ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ." ಕಥಾ ಕಮ್ಮಟದ ಊಟದ ಸಾಲಿನಲ್ಲಿ, ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ, ಸಾಹಿತ್ಯ ಸಮ್ಮೇಳನದ ಮಳಿಗೆಗಳ ಮುಂದೆ ಹೊಸ ಬರಹಗಾರರಿಗೆ ಸಿಗುವ ಮೊದಲ ಉಪದೇಶ ಇದು. ಹೇಳುವವರು ಕೆಟ್ಟವರಲ್ಲ. ಬೆನ್ನು ತಟ್ಟಲೆಂದೇ ಹೇಳುತ್ತಾರೆ. ಆದರೆ ಈಚಿನ ವರ್ಷಗಳಲ್ಲಿ ಕನ್ನಡದ ಹೊಸ ಬರಹಗಾರರಿಗೆ ಇದರಷ್ಟು ಹಾನಿ ಮಾಡಿದ ಸಲಹೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಉಪದೇಶಕ್ಕೆ ಒಡಹುಟ್ಟಿದವು ಇನ್ನೂ ಕೆಲವಿವೆ. ಭಾವನೆ ಮುಖ್ಯ, ಭಾಷೆ ಆಮೇಲೆ ಸರಿಹೋಗುತ್ತದೆ. ತಿದ್ದುತ್ತಾ ಕೂತರೆ ಸಹಜತೆ ಹೋಗುತ್ತದೆ. ಪತ್ರಿಕೆಯವರನ್ನು ಕಾಯಬೇಡಿ, ಅಲ್ಲೆಲ್ಲ ಗುಂಪುಗಾರಿಕೆ. ವರ್ಷಕ್ಕೊಂದು ಪುಸ್ತಕ ಬರದಿದ್ದರೆ ಜನ ಮರೆತೇಬಿಡುತ್ತಾರೆ. ಕೇಳಲು ಬೇರೆ ಬೇರೆ ಮಾತುಗಳಂತಿದ್ದರೂ ಎಲ್ಲದರ ತಳದಲ್ಲಿ ಇರುವುದು ಒಂದೇ ನಂಬಿಕೆ: ಬರೆದವರಿಗೂ ಅಚ್ಚಿನ ಯಂತ್ರಕ್ಕೂ ನಡುವೆ ಮೂರನೆಯವರು ಯಾರೂ ಬೇಕಿಲ್ಲ. ನಾನು ಜಗಳ ತೆಗೆಯುತ್ತಿರುವುದು ಆ ನಂಬಿಕೆಯೊಂದಿಗೆ.

ಪುಸ್ತಕ ಹೊರತರುವುದು ಈಗ ಎಷ್ಟು ಸಲೀಸು ನೋಡಿ. ನುಡಿ ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ ಟೈಪ್ ಮಾಡಿದ ಹಸ್ತಪ್ರತಿಯನ್ನು ಡಿಟಿಪಿಯವರಿಗೆ ಕೊಟ್ಟರೆ ಕೆಲವೇ ದಿನಗಳಲ್ಲಿ ಪುಟವಿನ್ಯಾಸ ಸಿದ್ಧ. ಡಿಜಿಟಲ್ ಮುದ್ರಣ ಬಂದ ಮೇಲೆ ಸಾವಿರ ಪ್ರತಿ ಹಾಕಿಸಲೇಬೇಕೆಂಬ ಕಟ್ಟು ಇಲ್ಲ. ನೂರು ಸಾಕು, ಐವತ್ತೂ ಆದೀತು. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. (ಅದಕ್ಕೂ ಪ್ರತ್ಯೇಕ ದುಡ್ಡು ಕೇಳುವ ಪ್ರಕಾಶಕರಿದ್ದಾರೆ, ಹುಷಾರು.) ಮುಖಪುಟಕ್ಕೆ ಪರಿಚಯದ ಕಲಾವಿದ, ಮುನ್ನುಡಿಗೆ ಒಬ್ಬ ನಿವೃತ್ತ ಪ್ರಾಧ್ಯಾಪಕ, ಬೆನ್ನುಡಿಗೆ ಒಬ್ಬ ಪತ್ರಕರ್ತ, ಭಾನುವಾರ ಬೆಳಗ್ಗೆ ಹತ್ತೂವರೆಗೆ ಸಭಾಂಗಣ, ಉಪ್ಪಿಟ್ಟು ಕೇಸರಿಭಾತು, ಶಾಲು, ಫೋಟೊ. ಈ ಸರಪಳಿಯಲ್ಲಿ ಹಸ್ತಪ್ರತಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಯಾರು ಎಂದು ಒಮ್ಮೆ ಕೇಳಿ. ಡಿಟಿಪಿಯವರು ಅಕ್ಷರ ನೋಡಿದ್ದಾರೆ, ವಾಕ್ಯ ನೋಡಿಲ್ಲ. ಕರಡು ತಿದ್ದಿದ್ದು ಲೇಖಕರೇ. ತಾವು ಬರೆದದ್ದರಲ್ಲಿ ತಪ್ಪು ಹುಡುಕಲು ಹೊರಟ ಕಣ್ಣಿಗೆ ತಾವು ಬರೆಯಬೇಕೆಂದುಕೊಂಡದ್ದೇ ಕಾಣುತ್ತದೆ. ಮುನ್ನುಡಿಕಾರರು ಶೀರ್ಷಿಕೆಯ ಕತೆ ಓದಿದ್ದಾರೆ, ಮಿಕ್ಕವನ್ನು ತಿರುವಿದ್ದಾರೆ. ಕತೆಗಾರರನ್ನು "ಭರವಸೆಯ ಕತೆಗಾರ" ಎಂದು ಕರೆಯಲು ಅಷ್ಟು ಸಾಕು. ಪ್ರಕಾಶಕರಿಗೆ ಓದುವ ಅಗತ್ಯವೇ ಬಿದ್ದಿಲ್ಲ, ಯಾಕೆಂದರೆ ಮುದ್ರಣದ ಖರ್ಚು ಅವರದಲ್ಲ. ಬಿಡುಗಡೆಯ ದಿನ ಇನ್ನೂರು ಕೈ ಚಪ್ಪಾಳೆ ತಟ್ಟಿದ ಪುಸ್ತಕವನ್ನು ಆ ಹೊತ್ತಿಗೆ ಪೂರ್ತಿ ಓದಿರುವುದು ಬರೆದವರೊಬ್ಬರೇ.

ಸರ್ಕಾರದ ವ್ಯವಸ್ಥೆಯೂ ಇದಕ್ಕೆ ಗೊಬ್ಬರ ಹಾಕಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶನದ ಊರುಗೋಲು. ಅದಿಲ್ಲದಿದ್ದರೆ ಎಷ್ಟೋ ಒಳ್ಳೆಯ ಪುಸ್ತಕಗಳೂ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಎಂಬತ್ತು ಪುಟದ ಬಿಗಿಯಾದ ಕಥಾಸಂಕಲನಕ್ಕಿಂತ ನೂರ ಅರವತ್ತು ಪುಟದ ಸಡಿಲ ಸಂಕಲನಕ್ಕೆ ಹೆಚ್ಚು ಹಣ. ಹೀಗಿರುವಾಗ "ಈ ಮೂರು ಕತೆ ತೆಗೆದುಬಿಡಿ" ಎಂದು ಹೇಳುವ ಪ್ರಕಾಶಕ ತನ್ನ ಜೇಬಿಗೆ ತಾನೇ ಕತ್ತರಿ ಹಾಕಿಕೊಂಡಂತೆ. ತೆಗೆಯಬೇಕಾದ ಕತೆಗಳು ಸಂಕಲನದಲ್ಲೇ ಉಳಿಯುವುದಕ್ಕೆ ಬರೆದವರ ಮೋಹ ಎಷ್ಟು ಕಾರಣವೋ ಈ ಪುಟದ ಲೆಕ್ಕವೂ ಅಷ್ಟೇ ಕಾರಣ.

ಇದರಿಂದ ನಷ್ಟ ಏನು ಎಂದು ಮೋಘಮ್ಮಾಗಿ ಹೇಳುವುದಕ್ಕಿಂತ ಒಂದು ಕತೆಯನ್ನೇ ಬಿಚ್ಚಿ ನೋಡೋಣ. ಕಥಾಸ್ಪರ್ಧೆಗಳಿಗೆ ಬಂದ ಹಸ್ತಪ್ರತಿ ಓದುವ ಕೆಲಸ ನನಗೆ ಆಗಾಗ ಒದಗುತ್ತದೆ. ಕೆಳಗಿನ ಸಾಲುಗಳು ಯಾರೊಬ್ಬರವೂ ಅಲ್ಲ. ಆ ರಾಶಿಯನ್ನು ಓದಿ ಓದಿ ನಾನೇ ಕಟ್ಟಿಕೊಂಡ ಮಾದರಿ.

"ಆಗ ತಾನೇ ಸೂರ್ಯ ತನ್ನ ಹೊಂಗಿರಣಗಳನ್ನು ಭುವಿಗೆ ಚೆಲ್ಲುತ್ತಾ ಮೂಡಣದಲ್ಲಿ ಉದಯಿಸುತ್ತಿದ್ದ. ಹಕ್ಕಿಗಳ ಚಿಲಿಪಿಲಿ ಕಲರವ ಕಿವಿಗೆ ಇಂಪಾಗಿ ಕೇಳಿಸುತ್ತಿತ್ತು. ಆದರೆ ಶಂಕರಪ್ಪನ ಮನದಲ್ಲಿ ಮಾತ್ರ ಹೇಳಲಾಗದ ತಳಮಳ, ಏನೋ ಒಂದು ಅವ್ಯಕ್ತ ವೇದನೆ ಮನೆಮಾಡಿತ್ತು."

ಹೀಗೆ ಎರಡು ಪುಟ ಸಾಗುತ್ತದೆ. ಶಂಕರಪ್ಪನ ಬಾಲ್ಯ, ಅಪ್ಪ ಸತ್ತದ್ದು, ಮದುವೆ, ಮಳೆ ಕೈಕೊಟ್ಟ ವರ್ಷಗಳು. ಮೂರನೇ ಪುಟದ ಮಧ್ಯದಲ್ಲಿ, ಬೇರೇನನ್ನೋ ಹೇಳುವ ಭರದಲ್ಲಿ, ಒಂದು ಸಾಲು ಬರುತ್ತದೆ: ಬೋರ್‌ವೆಲ್ಲಿನ ಮೋಟರನ್ನು ಶಂಕರಪ್ಪ ಮಾರಿ ಎರಡು ತಿಂಗಳಾಗಿದೆ, ಹೆಂಡತಿಗೆ ಮಾತ್ರ ರಿಪೇರಿಗೆ ಕೊಟ್ಟಿದ್ದೇನೆ ಎಂದು ಹೇಳಿಕೊಂಡು ಬಂದಿದ್ದಾನೆ. ಕತೆ ಇರುವುದು ಇಲ್ಲಿ. ಬರೆದವರಿಗೆ ಅದು ಗೊತ್ತಿಲ್ಲ. ಒಬ್ಬ ಸಂಪಾದಕ ಅಥವಾ ಕನಿಕರವಿಲ್ಲದ ಒಬ್ಬ ಗೆಳೆಯ ಇದ್ದಿದ್ದರೆ ಮೊದಲ ಎರಡೂವರೆ ಪುಟಕ್ಕೆ ಅಡ್ಡಗೆರೆ ಎಳೆದು, ಅಂಚಿನಲ್ಲಿ "ಇಲ್ಲಿಂದ ಶುರು ಮಾಡಿ" ಎಂದು ಬರೆದು ವಾಪಸು ಕೊಡುತ್ತಿದ್ದ. ಬರೆದವರು ಎರಡು ದಿನ ಸಿಟ್ಟು ಮಾಡಿಕೊಂಡು, ಮೂರನೇ ದಿನ ಕೂತು ಹೀಗೆ ಬರೆಯುತ್ತಿದ್ದರೇನೋ:

"ಮೋಟರ್ ರಿಪೇರಿ ಆತೇನು ಎಂದು ಗಂಗವ್ವ ಕೇಳಿದಾಗ ಶಂಕರಪ್ಪ ಮುಖ ತೊಳೆಯುತ್ತಿದ್ದ. ತೊಳೆದ ಮುಖಕ್ಕೇ ಇನ್ನೊಂದು ಚೊಂಬು ನೀರು ಹೊಡೆದುಕೊಂಡ."

ತಳಮಳ ಎಂಬ ಪದ ಹೋಯಿತು, ತಳಮಳ ಬಂತು. ಸೂರ್ಯ ಉದಯಿಸಿದ್ದಾನೆಂದು ಬೇರೆ ಹೇಳಬೇಕಾಗಿಲ್ಲ, ಹಳ್ಳಿಯಲ್ಲಿ ಯಾರೂ ಮಧ್ಯಾಹ್ನ ಎದ್ದು ಮುಖ ತೊಳೆಯುವುದಿಲ್ಲ. ಸಾಲದ ವಿಷಯ, ಮಳೆಯ ವಿಷಯ ಕತೆಯೊಳಗೆ ತಾವಾಗಿ ಬರುತ್ತವೆ. ಮೋಟರು ಮಾರಿದ ರೈತನ ಮನೆಯಲ್ಲಿ ಅವು ಬರದೇ ಇರುವುದು ಹೇಗೆ?

ಅದೇ ಕತೆಯಲ್ಲಿ ಇನ್ನೊಂದು ಎಡವಟ್ಟು ಇರುತ್ತದೆ, ಇದು ನಮ್ಮ ಭಾಷೆಗೇ ವಿಶೇಷವಾದದ್ದು. ಗದಗಿನ ಕಡೆಯ ಶಂಕರಪ್ಪ ಮೊದಲ ಪುಟದಲ್ಲಿ "ಆತು ಬಿಡ" ಎನ್ನುತ್ತಾನೆ. ಐದನೇ ಪುಟಕ್ಕೆ ಬರುವಷ್ಟರಲ್ಲಿ "ಆಯ್ತು ಕಣೇ" ಎಂದು ಮಂಡ್ಯದವನಾಗಿರುತ್ತಾನೆ. ಕೊನೆಯಲ್ಲಿ, ಭಾವ ಉಕ್ಕಿದಾಗ, "ನಿನ್ನ ನಂಬಿಕೆಗೆ ದ್ರೋಹ ಬಗೆದ ಈ ಪಾಪಿಯನ್ನು ಕ್ಷಮಿಸಿಬಿಡು" ಎಂದು ಕಂಪನಿ ನಾಟಕದ ನಾಯಕನಂತೆ ಅಳುತ್ತಾನೆ. ಬರೆದವರ ಮನೆಯಲ್ಲೇ ದಿನಾ ಗದಗಿನ ಮಾತು ಕಿವಿಗೆ ಬೀಳುತ್ತದೆ, ಅವರಿಗೆ ಗೊತ್ತಿಲ್ಲವೆಂದಲ್ಲ. ಟಿವಿ ಧಾರಾವಾಹಿಯ ಮಾತು ಕೈಗೆ ಬಂದುಬಿಡುತ್ತದೆ, ಅಷ್ಟೆ. ಕೇಳಿಸಿಕೊಂಡು ತಿದ್ದುವ ಎರಡನೇ ಕಿವಿ ಬೇಕು. ಆ ಕಿವಿಯನ್ನೇ ನಾವು "ಬೇಡ, ಸಹಜತೆ ಹೋಗುತ್ತದೆ" ಎಂದು ದೂರ ಇಟ್ಟಿದ್ದೇವೆ. ಮೇಲಿನ ಎರಡು ಮಾದರಿಗಳಲ್ಲಿ ಸಹಜ ಯಾವುದು, ಓದುಗರೇ ಹೇಳಲಿ. ಮೊದಲ ಏಟಿಗೆ ಕೈಗೆ ಬರುವುದು ನಮ್ಮದಾಗಿರುವುದು ಅಪರೂಪ. ಸಾಮಾನ್ಯವಾಗಿ ಅದು ನಾವು ಓದಿದ, ಕೇಳಿದ, ನೋಡಿದ ಇನ್ನೊಬ್ಬರದ್ದು. ಹೊಂಗಿರಣ ಯಾರ ಅನುಭವವೂ ಅಲ್ಲ. ಆ ಚೊಂಬು ನೀರು ಶಂಕರಪ್ಪನದು.

ಇನ್ನು ಕೊನೆ. ಇಂಥ ಕತೆಗಳಲ್ಲಿ ಹೆಚ್ಚಿನವು ಸಾವಿನಲ್ಲಿ ಮುಗಿಯುತ್ತವೆ. ರೈತರ ಸಾವು ನಾಡಿನ ನಿಜವಾದ ಸಂಕಟ, ಅದನ್ನು ಬರೆಯಬಾರದೆಂದು ಯಾರೂ ಹೇಳಲಾರರು. ಆದರೆ ಮುಂದೇನು ಮಾಡಬೇಕೆಂದು ತೋಚದೆ ಪಾತ್ರವನ್ನು ಸಾಯಿಸುವುದು ಬೇರೆ ವಿಚಾರ. ನಾಳೆ ಬೆಳಗ್ಗೆ ಗಂಗವ್ವ ಮತ್ತೆ ಮೋಟರಿನ ಬಗ್ಗೆ ಕೇಳಿದರೆ ಶಂಕರಪ್ಪ ಏನು ಹೇಳುತ್ತಾನೆ? ಈ ಪ್ರಶ್ನೆಯನ್ನು ಎದುರಿಸುವ ಕಷ್ಟ ಸಾವಿನಿಂದ ತಪ್ಪುತ್ತದೆ. ತಪ್ಪಿಸಿಕೊಳ್ಳಬೇಡಿ ಎಂದು ಹೇಳುವವರು ಯಾರೂ ಇಲ್ಲದ್ದರಿಂದ ಕತೆ ಹಾಗೇ ಅಚ್ಚಾಗುತ್ತದೆ, ಸಂಕಲನದ ಶೀರ್ಷಿಕೆಯೂ ಆಗುತ್ತದೆ.

ಬೇಡ ಎಂದು ಹೇಳುವ ಒಬ್ಬರಿಂದ ಏನಾಗಬಹುದು ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. 1922ರಲ್ಲಿ, ಇನ್ನೂ ಹದಿಹರೆಯದ ವಿದ್ಯಾರ್ಥಿಯಾಗಿದ್ದಾಗಲೇ, ಕುವೆಂಪು ಅವರ ಮೊದಲ ಪುಸ್ತಕ ಅಚ್ಚಾಗಿತ್ತು: "ಬಿಗಿನರ್ಸ್ ಮ್ಯೂಸ್", ಇಂಗ್ಲಿಷ್ ಕವಿತೆಗಳು. ಇಂದಿನ ಉಪದೇಶದ ಪ್ರಕಾರ ಅಲ್ಲಿಗೆ ಕವಿ ಸಿದ್ಧ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ ಸಿಕ್ಕ ಸಲಹೆ, ನಿನ್ನ ಭಾಷೆಯಲ್ಲಿ ಬರೆ ಎಂಬುದು. ಹೊಗಳಿಕೆ ನಿರೀಕ್ಷಿಸಿ ಹೋದ ಹುಡುಗನಿಗೆ ಅದು ಸಿಹಿ ಮಾತಾಗಿರಲಾರದು. ಕಸಿನ್ಸ್ ಬೆನ್ನು ತಟ್ಟಿ, ಒಂದು ಮುನ್ನುಡಿ ಬರೆದುಕೊಟ್ಟು, ಎರಡನೇ ಇಂಗ್ಲಿಷ್ ಸಂಕಲನಕ್ಕೆ ಶುಭ ಹಾರೈಸಿದ್ದರೆ? ಆ ಬಿರುಸು ಮಾತಿಗೆ ಕನ್ನಡ ಎಷ್ಟು ಋಣಿ ಎಂದು ಬಿಡಿಸಿ ಹೇಳಬೇಕಿಲ್ಲ.

ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಕಚೇರಿಯಿದ್ದ ಅಟ್ಟವನ್ನು ನೆನೆಯದೆ ಈ ಮಾತು ಪೂರ್ತಿಯಾಗದು. ಜಿ.ಬಿ. ಜೋಶಿಯವರು ಪ್ರಕಾಶಕರು, ಕೀರ್ತಿನಾಥ ಕುರ್ತಕೋಟಿಯವರು ಓದಿ ಹೇಳುವವರು. 1961ರಲ್ಲಿ ಗಿರೀಶ ಕಾರ್ನಾಡರ "ಯಯಾತಿ" ಅಲ್ಲಿಂದ ಬಂದಾಗ ಅವರಿಗೆ ಇಪ್ಪತ್ಮೂರರ ವಯಸ್ಸು, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ಹೆಸರಿಲ್ಲದ ಹುಡುಗನ ನಾಟಕವನ್ನು ಅಚ್ಚು ಹಾಕಲು ಆ ಅಟ್ಟಕ್ಕೆ ಇದ್ದ ಧೈರ್ಯ ಓದಿನಿಂದ ಬಂದದ್ದು. ಚಂದಾದಾರ ಓದುಗರಿಗೆ ಉತ್ತರ ಹೇಳಬೇಕಾದ ಹೊಣೆಯೂ ಅದರ ಹಿಂದಿತ್ತು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಕಾಲೇಜು ಹುಡುಗರಿಗೆ ಕವಿತೆ, ಕತೆಗಳ ಸ್ಪರ್ಧೆ ನಡೆಸಿ, ಆರಿಸಿ, ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳನ್ನು ಕನ್ನಡ ಸಂಘದಿಂದ ತಂದರು. ಇಂದು ಹಿರಿಯರೆನಿಸಿಕೊಂಡ ಹಲವರ ಹೆಸರು ಮೊದಲು ಕಾಣಿಸಿದ್ದು ಅಲ್ಲೇ. ಆ ಎರಡೂ ಕಡೆ ಪುಸ್ತಕ ಬಂತು, ನಿಜ. ಆದರೆ ಯಾರೋ ಓದಿ, ಕೆಲವನ್ನು ಬದಿಗಿಟ್ಟು, ಕೆಲವನ್ನು ಮಾತ್ರ ಎತ್ತಿಕೊಂಡ ಮೇಲೆ ಬಂತು.

ಇಲ್ಲಿಗೆ ಬಂದಾಗ ಎದುರಾಳಿಗಳು ಎರಡು ಬಲವಾದ ಮಾತು ಎತ್ತುತ್ತಾರೆ. ಅವನ್ನು ತಳ್ಳಿಹಾಕಿ ಹೋಗುವುದು ಸರಿಯಲ್ಲ.

ಮೊದಲನೆಯದು: ಸ್ವಂತ ದುಡ್ಡಿನಲ್ಲಿ ಪುಸ್ತಕ ತರುವುದನ್ನು ಹೀಗಳೆಯುವುದು ಶ್ರೀಮಂತ ಪ್ರಕಾಶಕರ ವಾದ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಅಲೆದು ಮಾರಿದರು. ಕುವೆಂಪು ಅವರಿಗೆ ಉದಯರವಿ ಪ್ರಕಾಶನ ಇತ್ತು, ತೇಜಸ್ವಿಯವರಿಗೆ ಪುಸ್ತಕ ಪ್ರಕಾಶನ. ಅವರೆಲ್ಲ ಮಾಡಿದ್ದು ಹೊಸಬರು ಮಾಡಿದರೆ ತಪ್ಪೇ? ತಪ್ಪಲ್ಲ. ನನ್ನ ತಕರಾರು ದುಡ್ಡು ಯಾರದು ಎಂಬುದರ ಬಗ್ಗೆ ಇಲ್ಲವೇ ಇಲ್ಲ. ಪ್ರಕಾಶಕರಾಗುವುದೆಂದರೆ ಮುದ್ರಕರಿಗೆ ಹಣ ಕೊಡುವುದಷ್ಟೇ ಎಂದು ತಿಳಿದದ್ದು ತಪ್ಪು. ವಸುಧೇಂದ್ರ 2004ರಲ್ಲಿ ಛಂದ ಪುಸ್ತಕ ಆರಂಭಿಸಿದರು. ಆ ಸಂಸ್ಥೆ ಸಂಕಲನ ತರದ ಕತೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ಇಟ್ಟು, ತೀರ್ಪುಗಾರರಿಂದ ಓದಿಸಿ, ಆಯ್ಕೆಯಾದದ್ದನ್ನು ಪ್ರಕಟಿಸುತ್ತಾ ಬಂದಿದೆ. ಬಂದ ಹಸ್ತಪ್ರತಿಗಳಲ್ಲಿ ಬಹುಪಾಲನ್ನು ಬೇಡ ಎನ್ನುವುದು ಸ್ಪರ್ಧೆಯ ನಿಯಮದಲ್ಲೇ ಇದೆ. ಸ್ವಂತ ಪ್ರಕಾಶನ ಮಾಡುವವರು ಈ ಕೆಲಸವನ್ನು ತಮ್ಮ ಬರಹದ ಮೇಲೂ ಮಾಡಲಿ. ಮುಖಪುಟಕ್ಕೆ ಇಡುವ ಹಣದ ಅರ್ಧವನ್ನು ಒಬ್ಬ ಒಳ್ಳೆಯ ಕರಡು ತಿದ್ದುವವರಿಗೆ ಕೊಡಲಿ. ಆಗ ನಾನೇ ಹೋಗಿ ಪುಸ್ತಕ ಕೊಂಡು ಬರುತ್ತೇನೆ.

ಎರಡನೆಯ ಮಾತು ಇನ್ನೂ ಗಟ್ಟಿ. ಈ ಬೇಡ ಎನ್ನುವವರು ಯಾರು? ಅವರ ಜಾತಿ ಯಾವುದು, ಊರು ಯಾವುದು, ಅವರ ಕಿವಿಗೆ ಯಾರ ಕನ್ನಡ ಶುದ್ಧ, ಯಾರದು ಒರಟು? ದಲಿತರ, ಮುಸ್ಲಿಮರ, ಹೆಣ್ಣುಮಕ್ಕಳ ಬರಹವನ್ನು ದಶಕಗಟ್ಟಲೆ ಬಾಗಿಲಲ್ಲೇ ನಿಲ್ಲಿಸಿದ್ದು ಈ ಸಂಪಾದಕರೇ ಅಲ್ಲವೇ? ಹೌದು, ಎಷ್ಟೋ ಸಲ ನಿಲ್ಲಿಸಿದ್ದಾರೆ. ಆದರೆ ಬಾಗಿಲು ಮುಚ್ಚಿದಾಗ ಆ ಬರಹಗಾರರು ಮಾಡಿದ್ದೇನು ಎಂಬುದನ್ನು ಗಮನಿಸಬೇಕು. ತಂತಮ್ಮ ಪುಸ್ತಕ ಅಚ್ಚು ಹಾಕಿಸಿಕೊಂಡು ಒಬ್ಬೊಬ್ಬರೇ ಮನೆಗೆ ಹೋಗಲಿಲ್ಲ. "ಶೂದ್ರ", "ಪಂಚಮ"ದಂಥ ಪತ್ರಿಕೆ ಕಟ್ಟಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದರು. ಒಬ್ಬರದನ್ನು ಒಬ್ಬರು ಓದಿದರು, ಜಗಳವಾಡಿದರು. 1980ರಲ್ಲಿ "ಲಂಕೇಶ್ ಪತ್ರಿಕೆ" ಬಂತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಕಾದಂಬರಿ ಪುಸ್ತಕವಾಗುವ ಮೊದಲು ಅದರಲ್ಲಿ ಧಾರಾವಾಹಿಯಾಗಿ ಓದುಗರನ್ನು ಮುಟ್ಟಿತು. ಹಾಸನದ ಬಾನು ಮುಷ್ತಾಕ್ ಆ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದರು, ಬಂಡಾಯದ ಒಡನಾಟದಲ್ಲಿ ಬರೆದರು. ಹಳೆಯ ಓದುಗ ಒಲ್ಲೆ ಎಂದಾಗ ಅವರು ಹೊಸ ಓದುಗರನ್ನು ಹುಡುಕಿಕೊಂಡರು. ಓದುಗರೇ ಬೇಡ ಎನ್ನಲಿಲ್ಲ. ಗುಂಪುಗಾರಿಕೆಯ ದೂರು ನಿಮ್ಮದೂ ಆಗಿದ್ದರೆ ನಾಲ್ವರು ಸೇರಿ ಒಂದು ಸಣ್ಣ ಪತ್ರಿಕೆ ತನ್ನಿ. ನಾಲ್ಕು ಪುಸ್ತಕ ತರುವುದಕ್ಕಿಂತ ಅದು ಕಡಿಮೆ ಖರ್ಚಿನದು.

2025ರಲ್ಲಿ ಬಾನು ಮುಷ್ತಾಕ್ ಅವರ "ಹಾರ್ಟ್ ಲ್ಯಾಂಪ್" ಅಂತರರಾಷ್ಟ್ರೀಯ ಬೂಕರ್ ಗೆದ್ದ ಮೇಲೆ ಒಡಹುಟ್ಟಿದ ಉಪದೇಶಗಳ ಸಾಲಿಗೆ ಇನ್ನೊಂದು ಸೇರಿದೆ: ಬೇಗ ಇಂಗ್ಲಿಷಿಗೆ ಅನುವಾದ ಮಾಡಿಸಿ. ಮೊದಲ ಸಂಕಲನದ ಶಾಯಿ ಒಣಗುವ ಮುನ್ನ ಅನುವಾದಕರನ್ನು ಹುಡುಕುವವರನ್ನು ಈಗ ಎಲ್ಲೆಡೆ ಕಾಣಬಹುದು. ಆ ಪುಸ್ತಕ ಹೇಗಾಯಿತೆಂದು ಯಾರೂ ನೋಡುವುದಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಬರೆದ ಹಲವು ಸಂಕಲನಗಳಿಂದ ಅನುವಾದಕಿ ದೀಪಾ ಭಾಸ್ತಿ ಆರಿಸಿಕೊಂಡದ್ದು 12 ಕತೆ. ಮಿಕ್ಕವನ್ನು ಪಕ್ಕಕ್ಕಿಟ್ಟರು.

ವರ್ಷಕ್ಕೊಂದು ಪುಸ್ತಕ ಬರದಿದ್ದರೆ ಜನ ಮರೆಯುತ್ತಾರೆ ಎಂಬ ಹೆದರಿಕೆಗೆ ದೇವನೂರ ಮಹಾದೇವ ಒಬ್ಬರೇ ಸಾಕು ಉತ್ತರ. "ದ್ಯಾವನೂರು" 1973ರಲ್ಲಿ, "ಕುಸುಮಬಾಲೆ" 1980ರ ದಶಕದಲ್ಲಿ, ನಡುವೆ "ಒಡಲಾಳ". ಅವರು ಬರೆದ ಕಥನವೆಲ್ಲ ಸೇರಿದರೆ ಒಂದು ಸಾಧಾರಣ ಗಾತ್ರದ ಪುಸ್ತಕವಾದೀತು. ಯಾರು ಮರೆತರು? ರಾಘವೇಂದ್ರ ಖಾಸನೀಸರು ಬರೆದದ್ದು ಇನ್ನೂ ಕಡಿಮೆ. ಕನ್ನಡ ಸಣ್ಣಕತೆಯ ಮಾತು ಬಂದಾಗ ಅವರ ಹೆಸರನ್ನು ಬಿಟ್ಟು ಮುಂದೆ ಹೋಗಲಾಗದು. ಹಾಗಾದರೆ ಶಿವರಾಮ ಕಾರಂತರು? ಕಾದಂಬರಿಗಳನ್ನು ಹೇಳಿ ಬರೆಸುತ್ತಿದ್ದರಲ್ಲ, ತಿದ್ದುತ್ತಿದ್ದರೇ? ಈ ಪ್ರಶ್ನೆ ಪ್ರತಿ ಕಮ್ಮಟದಲ್ಲೂ ಏಳುತ್ತದೆ. ಯಕ್ಷಗಾನ, ಪತ್ರಿಕೆ, ಶಾಲೆ, ವಿಶ್ವಕೋಶ, ಚಿತ್ರಕಲೆ ಎಂದು ಜೀವಮಾನವಿಡೀ ಊರೂರು ಅಲೆದು ಕಿವಿ ಪಳಗಿಸಿಕೊಂಡವರು ಹೇಳಿ ಬರೆಸಿದ್ದನ್ನು, ಇಪ್ಪತ್ತೈದರ ಹುಡುಗ ತನ್ನ ಮೊದಲ ಕರಡನ್ನು ತಿದ್ದದೇ ಬಿಡಲು ನೆಪ ಮಾಡಿಕೊಳ್ಳುವುದು ತಮಾಷೆಯಾಗಿದೆ. ಅಷ್ಟೇ ನನ್ನ ಉತ್ತರ.

ಫೇಸ್‌ಬುಕ್ಕಿನ ಲೈಕುಗಳ ಬಗ್ಗೆ ಹೆಚ್ಚು ಹೇಳಲಾರೆ. "ಸೂಪರ್ ಸರ್", "ಕಣ್ಣು ತೇವವಾಯ್ತು ಮೇಡಂ" ಎನ್ನುವವರು ನಿಮ್ಮನ್ನು ಇಷ್ಟಪಡುತ್ತಾರೆ. ನಿಮ್ಮ ಕತೆಯನ್ನು ಇಷ್ಟಪಟ್ಟರೋ ಇಲ್ಲವೋ ಅವರಿಗೂ ಗೊತ್ತಿಲ್ಲ.

ಸರಿ, ಹಾಗಾದರೆ ಮಾಡುವುದೇನು? ಖಂಡಿಸಿ ಕೈತೊಳೆದುಕೊಂಡರೆ ನಾನೂ ಆ ಉಪದೇಶಕರ ಪೈಕಿಯವನೇ ಆಗುತ್ತೇನೆ.

ಕತೆ ಬರೆದು ಮುಗಿದ ಮೇಲೆ ಕೆಲವು ವಾರ ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ಮನೆಯವರಿಗೆ ಕೇಳಿಸಿದರೂ ಪರವಾಗಿಲ್ಲ. ನಾಲಿಗೆ ಎಡವಿದ ಕಡೆ ವಾಕ್ಯ ಎಡವಿದೆ. ಕೇಳುವವರು ಮೊಬೈಲು ಕೈಗೆತ್ತಿಕೊಂಡ ಜಾಗಕ್ಕೆ ಗುರುತು ಹಾಕಿ. ನಂತರ ಪತ್ರಿಕೆಗೆ ಕಳುಹಿಸಿ, ಒಂದು ಸಲಕ್ಕೆ ಒಂದೇ ಪತ್ರಿಕೆಗೆ. ಒಂದೇ ಕತೆ ಎರಡು ಕಡೆ ಅಚ್ಚಾಗಿ ಸಂಪಾದಕರು ಮುಜುಗರಪಟ್ಟ ಪ್ರಸಂಗಗಳು ಕಡಿಮೆಯಿಲ್ಲ. ಆಮೇಲೆ ಆ ಲೇಖಕರ ಹೆಸರು ಕಂಡರೆ ಸಂಪಾದಕರು ಇಮೇಲ್ ತೆರೆಯುವುದೇ ಇಲ್ಲ. "ಸುಧಾ", "ಮಯೂರ", "ತರಂಗ", "ತುಷಾರ", ದಿನಪತ್ರಿಕೆಗಳ ಭಾನುವಾರದ ಪುರವಣಿಗಳು, ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳ ಸ್ಪರ್ಧೆಗಳು, ಇವುಗಳ ಕೆಲವು ಸಂಚಿಕೆಗಳನ್ನಾದರೂ ಓದಿ ಕಳುಹಿಸಿ. ಎಂಟು ನೂರು ಪದ ಕೇಳುವವರಿಗೆ ನಾಲ್ಕು ಸಾವಿರ ಪದ ಕಳುಹಿಸಿ "ನೀವೇ ಕತ್ತರಿಸಿಕೊಳ್ಳಿ" ಎನ್ನುವುದು ವಿನಯವಲ್ಲ, ಸೋಮಾರಿತನ. ನುಡಿಯಲ್ಲಿ ಬರೆದಿದ್ದರೆ ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪಿವೆಯೇ ಎಂದು ನೋಡಿಯೇ ಕಳುಹಿಸಿ. ತಿಂಗಳುಗಟ್ಟಲೆ ಉತ್ತರ ಬಾರದಿರಬಹುದು. ಬಾರದ ಉತ್ತರವನ್ನೂ ಉತ್ತರವೆಂದು ತಿಳಿದು, ಕತೆಯನ್ನು ಮತ್ತೊಮ್ಮೆ ತಿದ್ದಿ, ಬೇರೆ ಕಡೆ ಕಳುಹಿಸಿ. ಐದಾರು ಸಂಪಾದಕರು ಬೇಡ ಎಂದ ಕತೆ ಸಂಕಲನಕ್ಕೂ ಬೇಡವೇನೋ ಎಂದು ಅನುಮಾನಿಸುವ ಅಭ್ಯಾಸ ಒಳ್ಳೆಯದು.

ಅವಸರ ಬೇಡ ಎನ್ನಲು ಇನ್ನೊಂದು ಲೌಕಿಕ ಕಾರಣವಿದೆ, ಅದನ್ನು ಕಮ್ಮಟದಲ್ಲಿ ಯಾರೂ ಹೇಳುವುದಿಲ್ಲ. ಚೊಚ್ಚಲ ಕೃತಿ ಜೀವನದಲ್ಲಿ ಒಂದೇ ಸಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರಿಗೆ ಕೊಡುವ ಪ್ರೋತ್ಸಾಹಧನ ಚೊಚ್ಚಲ ಕೃತಿಗೆ. ಛಂದದ ಸ್ಪರ್ಧೆ ಸಂಕಲನ ತರದವರಿಗೆ. ಮೊದಲ ಪುಸ್ತಕಕ್ಕೇ ಮೀಸಲಾದ ದತ್ತಿ ಬಹುಮಾನಗಳು ಬೇರೆ. ಐವತ್ತು ಪ್ರತಿ ಹಾಕಿಸಿ ನೆಂಟರಿಗೆ ಹಂಚಿದ ಒಂದು ಕಚ್ಚಾ ಸಂಕಲನದಿಂದ ಈ ಬಾಗಿಲುಗಳೆಲ್ಲ ಒಮ್ಮೆಗೇ ಮುಚ್ಚಿಕೊಳ್ಳುತ್ತವೆ. ಮೂರು ವರ್ಷ ಬಿಟ್ಟು ನಿಜವಾಗಿಯೂ ಒಳ್ಳೆಯ ಸಂಕಲನ ಸಿದ್ಧವಾದಾಗ ಅರ್ಜಿಯ ಮೊದಲ ಪ್ರಶ್ನೆಯಲ್ಲೇ ಅದು ಅನರ್ಹ.

ಕೊನೆಗೂ ಪುಸ್ತಕವಾಗುವ ಹೊತ್ತು ಬಂದರೆ, ಪ್ರಕಾಶಕರು ಎಷ್ಟೇ ಆತ್ಮೀಯರಾಗಿರಲಿ, ಒಪ್ಪಂದ ಬರಹದಲ್ಲಿರಲಿ. "ನಮ್ಮ ನಮ್ಮಲ್ಲಿ ಕಾಗದ ಪತ್ರ ಯಾಕೆ" ಎನ್ನುವುದು ಕನ್ನಡ ಪ್ರಕಾಶನದ ಇನ್ನೊಂದು ಜನಪ್ರಿಯ ಸುಳ್ಳು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆಯೇ ಹೇಳುತ್ತದೆ. ನಿಮ್ಮ ಬರಹದ ಹಕ್ಕು ನಿಮ್ಮ ಕಾಲಾನಂತರವೂ 60 ವರ್ಷ ಉಳಿಯುವ ಆಸ್ತಿ. ಅನುವಾದ, ಸಿನಿಮಾ, ಧಾರಾವಾಹಿ, ಆಡಿಯೊ ಹಕ್ಕುಗಳನ್ನು ಒಂದೇ ಸಾಲಿನಲ್ಲಿ "ಎಲ್ಲ ಹಕ್ಕುಗಳು" ಎಂದು ಬರೆದುಕೊಡಬೇಡಿ. ಎಷ್ಟು ಪ್ರತಿ ಅಚ್ಚಾಯಿತು, ಗೌರವಧನ ಶೇಕಡ ಎಷ್ಟು, ಗ್ರಂಥಾಲಯಕ್ಕೆ ಹೋದ ಪ್ರತಿಗಳೂ ಆ ಲೆಕ್ಕಕ್ಕೆ ಸೇರುತ್ತವೆಯೇ, ಇವನ್ನು ಕೇಳಲು ಸಂಕೋಚಪಡಬೇಡಿ. ನೀವೇ ಹಣ ಕೊಟ್ಟು ಪುಸ್ತಕ ಮಾಡಿಸುತ್ತಿದ್ದರೆ ಅದು ಪ್ರಕಟಣೆಯಲ್ಲ, ಮುದ್ರಣ ಸೇವೆ. ಹಾಗಿದ್ದಾಗ ಹಕ್ಕು, ದಾಸ್ತಾನು, ಪುಟವಿನ್ಯಾಸದ ಫೈಲು ಮೂರೂ ನಿಮ್ಮವೇ ಆಗಿರಬೇಕು.

ಇಷ್ಟೂ ಮಾತು ಹೊಸ ಬರಹಗಾರರಿಗೆ ಹೇಳಿದೆ. ಆದರೆ ಈ ಪರಿಸ್ಥಿತಿಗೆ ಹೆಚ್ಚಿನ ಹೊಣೆ ಅವರದಲ್ಲ, ಪ್ರತಿ ಹಸ್ತಪ್ರತಿಯನ್ನೂ ಹರಸಿ ಕಳುಹಿಸುವ ನಮ್ಮಂಥ ಹಿರಿಯರದು. ನಮಗೆ ಓದಲು ಪುರುಸೊತ್ತಿಲ್ಲ, ಒಲ್ಲೆ ಎನ್ನಲು ದಾಕ್ಷಿಣ್ಯ, ವೇದಿಕೆಯ ಮೇಲಿನ ಕುರ್ಚಿ ಬಿಡಲು ಮನಸ್ಸಿಲ್ಲ. ಮುಂದಿನ ಸಲ ಯಾರಾದರೂ ಮುನ್ನುಡಿ ಕೇಳಿಕೊಂಡು ಮನೆಗೆ ಬಂದರೆ ಮುನ್ನುಡಿ ಕೊಡಬೇಡಿ. ಹಸ್ತಪ್ರತಿ ಇಟ್ಟುಕೊಳ್ಳಿ, ಪೂರ್ತಿ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ವಾಪಸು ಕೊಡಿ. ಓದಲು ಆಗದಿದ್ದರೆ ಆಗುವುದಿಲ್ಲ ಎಂದು ಅವತ್ತೇ ಹೇಳಿಬಿಡಿ.